ಕಡೇ ಬೆಂಚಿನ ಗಂಡ-ಹೆಂಡತಿ

ಆಗ್ನೇಸಮ್ಮ ಕಣ್ಣು ಮುಚ್ಚಿ, ನಾಲಿಗೆ ಚಾಚಿ ಮೊಣಕಾಲೂರಿದ್ದಳು. ಗಲ್ಲದ ಕೆಳಗೆ ತಟ್ಟೆ ಬಂದದ್ದು ತಿಳಿಯಿತು. ಗುರುಗಳು ನಾಲಿಗೆಯ ಮೇಲಿಡುವ ರೊಟ್ಟಿಯ ಚೂರು, ಆ ಪರಮಪ್ರಸಾದ ಮಾತ್ರ ಬರಲಿಲ್ಲ.

ಕಣ್ಣು ತೆರೆದಳು. ಗುರುಗಳು ಅವಳನ್ನು ದಾಟಿ ಪಕ್ಕದವಳ ಮುಂದೆ ನಿಂತಿದ್ದರು. ತಟ್ಟೆ ಹಿಡಿದಿದ್ದ, ಊರಿಗೆ ಜಪ ಕಲಿಸುವ ಉಪದೇಶಿ ತಾಯಣ್ಣ ಮಾತ್ರ ಇನ್ನೂ ಅವಳ ಮುಂದೆಯೇ ಇದ್ದ... ಖಾಲಿ ತಟ್ಟೆ ಹಿಡಿದು, ಅವಳ ಮುಖವನ್ನೇ ನೋಡುತ್ತ.

೧೯೭೩ರ ಈಸ್ಟರ್ ಹಬ್ಬ. ಮಾನ್ವಿಯ ಆ ಸಣ್ಣ ಚರ್ಚಿನಲ್ಲಿ ಹೊಸ ಸೀರೆಯುಟ್ಟ ಹೆಂಗಸರೆಲ್ಲ ಇದನ್ನು ನೋಡಿದರು. ನೋಡದೆ ಬಿಡುತ್ತಾರೆಯೇ? ಹಬ್ಬದೂಟಕ್ಕೆ ಇದಕ್ಕಿಂತ ಒಳ್ಳೆಯ ಉಪ್ಪಿನಕಾಯಿ ಬೇಕೇ ಅವರಿಗೆ?

ಪೂಜೆ ಮುಗಿದದ್ದೇ ತಡ, ತಾಯಣ್ಣ ಅವಳ ಹಿಂದೆ ಗೇಟಿನ ತನಕ ಓಡಿ ಬಂದ.

"ನಿಲ್ರಿ ಸ್ವಲ್ಪ."

"ಯಾಕ? ಇನ್ನೂ ಏನರ ಮಾನ ಉಳದದೇನು ಕಳಿಯಾಕ?"

"ನೀವು ಉಡಿಕಿ ಆಗೀರಂತ ಯಾರೋ ಸ್ವಾಮ್ಯಾರ ಕಿವಿಗೆ ಹಾಕ್ಯಾರ."

ಉಡಿಕಿ ಎಂದರೆ ಗಂಡ ಬಿಟ್ಟವಳು ಕುಲದ ಹಿರಿಯರ ಮುಂದೆ ಮಾಡಿಕೊಳ್ಳುವ ಎರಡನೇ ಮದುವೆ. ಅಜ್ಜಂದಿರು ದೀಕ್ಷಾಸ್ನಾನ ಪಡೆದಿದ್ದರೂ ಆ ಪದ್ಧತಿ ಅವರ ಕೇರಿ ಬಿಟ್ಟು ಹೋಗಿರಲಿಲ್ಲ.

"ನನ್ನ ಗಂಡ ಗದ್ದೆಪ್ಪ ಇನ್ನೊಬ್ಬಾಕಿನ್ನ ಕಟಗೊಂಡು ಜಾಲಹಳ್ಳಿಯಾಗ ಸಂಸಾರ ಹೂಡ್ಯಾನ. ಹಿರೇರು ನನಗ ಬಿಡುಗಡಿ ಕೊಟ್ಟಾರ, ಖರೆ. ಉಡಿಕಿ ಯಾರ ಜೋಡಿ ಆಗಲಿ? ಹತ್ತಿ ಮಿಲ್ಲಿಗೆ ಹೋಗಿ ಬಂದು, ಒಂದು ರೊಟ್ಟಿ ಬಡಕೊಂಡು ಒಬ್ಬಾಕಿನ ಮಲಗಾಕಿ ನಾನು..."

ಅವಳ ದನಿ ಅಲ್ಲಿಗೇ ಒಡೆಯಿತು. ಗಂಡ ಬಿಟ್ಟ ಮೇಲೆ ಯಾರೂ ಅವಳನ್ನು ಒಂದು ತುತ್ತಿಗೂ ಕರೆದಿರಲಿಲ್ಲ. ಭಾನುವಾರದ ಆ ಬೆಳ್ಳನೆಯ ಚೂರು ಒಂದೇ, ಕರೆದು ಕೊಡುತ್ತಿದ್ದ ಊಟ.

ತಾಯಣ್ಣ ನೇರ ಗುರುಗಳ ಬಳಿ ಹೋದ. ಕೇಳಿಸಿಕೊಂಡ ಅವರು ಬೇಸರದಿಂದ ತಲೆಯಾಡಿಸಿದರು.

"ಬಿಟ್ಟು ಹೋದವನ ಪಾಪ ಅವಳಿಗೇಕೆ? ಬರಲಿ, ಪ್ರಸಾದ ಕೊಡುತ್ತೇನೆ. ಆದರೆ ಚರ್ಚಿನಲ್ಲಾದ ಮದುವೆಗೆ ಬಿಡುಗಡೆಯಿಲ್ಲ ತಾಯಣ್ಣ. ಗದ್ದೆಪ್ಪ ಬದುಕಿರುವಾಗ ಇನ್ನೊಬ್ಬನ ಕೈ ಹಿಡಿದಳೋ, ಪ್ರಸಾದವಿಲ್ಲ."

ಈ ಮಾತನ್ನು ಹಬ್ಬದ ಸಿಹಿಯಂತೆ ಹೊತ್ತು ಅವಳ ಮನೆಗೆ ಓಡಿದನಲ್ಲ, ಏನನ್ನೋಣ ಈ ಮನುಷ್ಯನಿಗೆ! ತನ್ನ ದಾರಿಗೆ ತಾನೇ ಬೇಲಿ ಹಾಕುತ್ತಿದ್ದೇನೆಂದು ಅವನಿಗೆ ಹೊಳೆಯಲೇ ಇಲ್ಲ.

ಮುಂದಿನ ಭಾನುವಾರ ಅವಳಿಗೆ ಪ್ರಸಾದ ಸಿಕ್ಕಿತು. ಅವಳ ಕಣ್ಣೀರು ತಟ್ಟೆಗೆ ಬಿತ್ತು. ಅವತ್ತೇ ತಾಯಣ್ಣನ ಮನಸ್ಸು ಅವನ ಕೈತಪ್ಪಿತು.

ಆಮೇಲೆ ಜಪ ಕಲಿಸುವ ನೆಪ, ಹಬ್ಬದ ಸುದ್ದಿ ಹೇಳುವ ನೆಪ. ನೆಪಗಳೆಲ್ಲ ತೀರಿದ ಒಂದು ಸಂಜೆ ಅವಳ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ.

"ನಿಮಗ ಪ್ರಸಾದ ಕೊಡಿಸಿದಾಂವ ನಾನ. ಈಗ ಅದನ್ನ ಬಿಡ್ರಿ ಅಂತ ಕೇಳಾಕ ಬಂದಾಂವನೂ ನಾನ."

ಅವಳು ಬಹಳ ಹೊತ್ತು ಅತ್ತಳು. 'ದೇವರೇ, ಎರಡರೊಳಗ ಒಂದು ಆರಿಸು ಅಂತೀಯಲ್ಲ... ನನಗ ಎರಡೂ ಹಸಿವು ಅದಾವಲ್ಲ...'

ಕೊನೆಗೆ ಕಣ್ಣೊರೆಸಿಕೊಂಡು ಹೇಳಿದಳು, "ಒಳಗ ಬರ್ರಿ."

ಅವಳ ತವರು ಚೀಕಲಪರ್ವಿಯಲ್ಲಿ ಹಿರಿಯರ ಮುಂದೆ ಉಡಿಕಿಯಾಯಿತು. ತಾಯಣ್ಣನ ಉಪದೇಶಿ ಕೆಲಸ ಹೋಯಿತು. ಇಬ್ಬರೂ ರಾಯಚೂರಿಗೆ ಬಂದರು. ಜಪ ಕಲಿಸುತ್ತಿದ್ದವನು ಧಾನ್ಯದ ಪೇಟೆಯಾದ ಗಂಜಿನಲ್ಲಿ ಹಮಾಲನಾಗಿ ಮೂಟೆ ಹೊತ್ತ.

ಪೂಜೆ ಮಾತ್ರ ತಪ್ಪಿಸಲಿಲ್ಲ. ಕಡೇ ಬೆಂಚಿನಲ್ಲಿ ಕೂರುವರು. ಉಳಿದವರು ಪ್ರಸಾದಕ್ಕೆ ಎದ್ದಾಗ ಇಬ್ಬರೂ ಮೊಣಕಾಲು ಓರೆ ಮಾಡಿ ದಾರಿ ಬಿಡುವರು. ಪ್ರತಿ ಭಾನುವಾರವೂ ಆ ಹೊತ್ತಿಗೆ ತಾಯಣ್ಣ ಹೆಂಡತಿಯ ಮುಖ ನೋಡುತ್ತಿರಲಿಲ್ಲ. ಅವನಿಗೆ ನಾಚಿಕೆ.

ಮಗಳು ಸಲೋಮಿ ಹುಟ್ಟಿದಳು, ಬೆಳೆದಳು. ೧೯೮೨ರಲ್ಲಿ ಅವಳು ಮೊದಲ ಪ್ರಸಾದ ಪಡೆಯುವ ಹಬ್ಬ ಹತ್ತಿರವಾದಾಗ, ಹೊಸದಾಗಿ ಬಂದಿದ್ದ ಗುರುಗಳು ಗಂಡ-ಹೆಂಡತಿಯನ್ನು ಕರೆಸಿದರು. ಒಳ್ಳೆಯ ಮನುಷ್ಯ. ಒಳ್ಳೆಯವರ ಬಾಯಲ್ಲಿ ಬಂದದ್ದಕ್ಕೇ ಆ ಮಾತು ಹೆಚ್ಚು ಕಹಿಯಾಯಿತು.

"ಮಗುವಿಗಾಗಿ ಒಂದೇ ಮನೆಯಲ್ಲಿರಿ, ತಪ್ಪಿಲ್ಲ. ಆದರೆ ಅಣ್ಣ-ತಂಗಿಯ ಹಾಗೆ. ಪಾಪ ನಿವೇದನೆ ಮಾಡಿ ಬನ್ನಿ, ಮಗಳ ಜೊತೆ ನಿಮಗೂ ಪ್ರಸಾದ ಕೊಡುತ್ತೇನೆ."

ಮನೆಯ ದಾರಿಯಲ್ಲಿ ತಾಯಣ್ಣ ನಗಲು ನೋಡಿದ.

"ಹೆಸರಿನ್ಯಾಗ ಹೆಂಗೂ ಅಣ್ಣ ಅದ. ಸ್ವಾಮ್ಯಾರಿಗೆ ಅರ್ಧ ಕೆಲಸ ಉಳೀತು ನೋಡು."

ಅವಳು ನಗಲಿಲ್ಲ.

ಆ ರಾತ್ರಿ ಅವಳು ತನ್ನ ಹಾಸಿಗೆಯನ್ನು ಅಡುಗೆಮನೆಗೆ ಒಯ್ದಳು. 'ಒಂದ್ಸಲ... ಬ್ಯಾಡ ಅನ್ನಲಿ' ಎಂದು ಕಾದಳು. ಅವನು ಗೋಡೆ ಕಡೆ ತಿರುಗಿ ಮಲಗಿದ. 'ಆಕಿ ಪ್ರಸಾದ ಆರಿಸ್ಯಾಳ' ಎಂದುಕೊಂಡ. ಬೆಳಿಗ್ಗೆ, ದೇವದುರ್ಗದಲ್ಲಿ ಲಾರಿ ತುಂಬುವ ಕೆಲಸವಿದೆ ಎಂದು ಹೇಳಿ ಹೊರಟೇಬಿಟ್ಟ. ಹಬ್ಬದ ತನಕ ತಿರುಗಿ ಬರಲಿಲ್ಲ.

ಎಷ್ಟು ಸಲೀಸಾಗಿ ಹೋದನಲ್ಲ... ಅವಳಿಗೆ ಸಿಟ್ಟು ಬಂತು, ಆಮೇಲೆ ದುಃಖ ಬಂತು. ಅವನಿಗಾಗಿ ತಾನು ಪ್ರಸಾದವನ್ನೇ ಬಿಟ್ಟದ್ದಕ್ಕೆ ಬೆಲೆಯೇ ಇಲ್ಲವೇ? ಇನ್ನು ಪ್ರಸಾದವಾದರೂ ಇರಲಿ ಎಂದು ಗಟ್ಟಿ ಮನಸ್ಸು ಮಾಡಿದಳು.

ಹಬ್ಬದ ಬೆಳಿಗ್ಗೆ ಸಲೋಮಿ ಬಿಳಿ ಫ್ರಾಕಿನಲ್ಲಿ ಮಕ್ಕಳ ಸಾಲಿನ ಮುಂದೆ ನಿಂತಿದ್ದಳು. ಪೂಜೆ ಅರ್ಧವಾದಾಗ ತಾಯಣ್ಣ ಬಂದ. ಮಗಳನ್ನು ನೋಡಿ ಹೋದರೆ ಸಾಕೆಂದು ಬಂದಿದ್ದ. ನೋಡಿದರೆ, ಆಗ್ನೇಸಮ್ಮ ಇನ್ನೂ ಕಡೇ ಬೆಂಚಿನಲ್ಲೇ ಇದ್ದಳು.

ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದ.

"ಇಲ್ಲೇ ಕುಂತೀಯಲ್ಲ... ಸ್ವಾಮ್ಯಾರು ಕೊಡತೀನಿ ಅಂದಿದ್ರು."

"ನೀವು ಬ್ಯಾಸತ್ತು ಬಿಟ್ಟು ಹೋದ್ರಿ ಅಂತ ತಿಳಿದಿದ್ದೆ."

"ಬ್ಯಾಸರಲ್ಲ ಬೇ. ನಿನ್ನ ಬಾಯಾಗಿಂದು ಕಸಗೊಂಡಾಂವ ನಾನು. ಈಗರ ಸಿಗಲಿ ಅಂತ ದೂರ ಹೋದೆ. ಎದುರಿಗಿದ್ದು ನಿನ್ನ ತಂಗಿ ಅನ್ನಾಕ ನನ್ನ ಕೈಲಿ ಆಗತಿದ್ದಿಲ್ಲ."

"ಒಂದು ಮಾತು ಹೇಳಬಾರದಿತ್ತೇನು?"

"ಹಾಸಿಗಿ ಎತ್ತೂಮುಂದ ನೀನರ ಒಂದು ಮಾತು ಹೇಳಿದೇನು?"

ಇಷ್ಟು ವರ್ಷ ಜೊತೆಗಿದ್ದವರು ಒಬ್ಬರನ್ನೊಬ್ಬರು ಇಷ್ಟು ತಪ್ಪಾಗಿ ತಿಳಿಯಬಹುದೇ ಎಂದು ಅವಳಿಗೆ ಸಂಕಟವಾಯಿತು.

"ನಿನ್ನೆ ನಿವೇದನಿಗೆ ಹೋಗಿದ್ದೆ," ಎಂದಳು. "ಅಣ್ಣನಂಗ ಇಟಗೊತೀನಿ ಅಂದೆ. ಅಷ್ಟು ಸಾಲದಂತ. ನಿಮ್ಮನ್ನ ಕಟಗೊಂಡದ್ದಕ್ಕ ಮನಸಾರೆ ಪಶ್ಚಾತ್ತಾಪ ಪಡಬೇಕಂತ. ತಪ್ಪಾತು ಅನ್ನಾಕ ಬಾಯಿ ತೆರದೆ..."

"ಮತ್ತ?"

"ಬರಲಿಲ್ಲರೀ. ಎದ್ದು ಬಂದೆ."

ಗಂಟೆ ಮೊಳಗಿತು. ಬೆಂಚಿನವರು ಪ್ರಸಾದಕ್ಕೆ ಎದ್ದರು. ಇಬ್ಬರೂ ಮೊಣಕಾಲು ಓರೆ ಮಾಡಿ ದಾರಿ ಬಿಟ್ಟರು. ದೂರದಲ್ಲಿ ಸಲೋಮಿ ತಲೆಯೆತ್ತಿ ನಾಲಿಗೆ ಚಾಚಿದಳು. ಆಗ್ನೇಸಮ್ಮ ಸೆರಗು ಬಾಯಿಗೊತ್ತಿಕೊಂಡು ಅಳತೊಡಗಿದಳು.

"ಪ್ರಸಾದದ ಆಸಿ ಹೋಗಿಲ್ಲ," ಎಂದಳು. "ಇವತ್ತೂ ಹೋಗಿಲ್ಲ. ನೀವು ಸಿಕ್ಕೀರಂತ ಅದು ತುಂಬಿಲ್ಲ. ಸುಳ್ಳು ಯಾಕ ಹೇಳಲಿ?"

ಈ ಸಲ ತಾಯಣ್ಣ ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ.

"ತಪ್ಪಾತು ಅಂದುಬಿಡಬೇಕಿತ್ತು. ನಾ ಏನೂ ಅನಕೊತಿದ್ದಿಲ್ಲ."

"ನೀವು ಅನಕೊತಿದ್ದಿಲ್ಲ. ಸುಳ್ಳು ಹೇಳಿ ತಗೊಂಡ್ರ ಆತ ಏನಂತಿದ್ದ?" ಎಂದು ಪೀಠದ ಕಡೆ ನೋಡಿದಳು.

ಅವನು ಅವಳ ಕೈ ಹಿಡಿದುಕೊಂಡ. ಅವನದು ಮೂಟೆ ಹೊತ್ತು ಒರಟಾದ ಕೈ. ಅವಳು ಬಿಡಿಸಿಕೊಳ್ಳಲಿಲ್ಲ.

"ಇಲ್ಲಿ ಕುಂತು ಅಳಬ್ಯಾಡ. ನಡಿ, ಮನಿಗೆ ಹೋಗೂನು."

"ಕುಂದರ್ರಿ," ಎಂದಳು ಅವಳು ಕಣ್ಣೊರೆಸಿಕೊಳ್ಳುತ್ತ. "ಪೂಜಿ ಇನ್ನೂ ಮುಗದಿಲ್ಲ."