ನಟ್ಟು ಹಾಕಿಟ್ಟು ಹೋದ ಕಳ್ಳ

ಶುಕ್ರವಾರ ಬೆಳಿಗ್ಗೆ ೯.೨೦ಕ್ಕೆ ಔಷಧಿ ಅಂಗಡಿಯ ಮಾಲೀಕ ಠಾಣೆಗೆ ಬಂದ. ಕೈಯಲ್ಲಿ ಹಸಿರು ಕಾರೊಂದರ ಫೋಟೊ ಇತ್ತು.

"ಏನು ಕಳುವಾಗಿದೆ?" ಇನ್ಸ್‌ಪೆಕ್ಟರ್ ಕೇಳಿ ಸುಮ್ಮನಾದರು. ಅವರು ಮಿತಭಾಷಿ ಹೆಂಗಸು. ಸುಮ್ಮನಿದ್ದರೆ ಎದುರಿನವರೇ ಇನ್ನೊಂದಿಷ್ಟು ಹೇಳುತ್ತಾರೆಂದು ಅನುಭವದಿಂದ ಕಲಿತಿದ್ದರು.

"ಕಾರ್ಬುರೇಟರ್ ಮೇಡಂ, ಜೋಡಿ. ಎಂಜಿನ್ನಿಗೆ ಪೆಟ್ರೋಲು, ಗಾಳಿ ಬೆರೆಸಿ ಉಣಿಸೋದೇ ಅವು."

"ಕಾರು?"

"ಕಾರು ಇದೆ."

"ಅಂದ್ರೆ ಮೈ ಬಿಟ್ಟು ಶ್ವಾಸಕೋಶ ಕದ್ದಿದ್ದಾನೆ," ಎಂದ ಹೆಡ್ ಕಾನ್‌ಸ್ಟೇಬಲ್. ಅವನ ಮೈಕಟ್ಟು ನೋಡಿ ಠಾಣೆಯಲ್ಲಿ ಎಲ್ಲರೂ ಅವನನ್ನು ಕಡ್ಡಿ ಎನ್ನುತ್ತಿದ್ದರು.

ಮಾಲೀಕ ನಗಲಿಲ್ಲ. ಅದು ನಲವತ್ತೆಂಟು ವರ್ಷದ ನಾಲ್ಕು ಬಾಗಿಲಿನ ಕಾರು. ಒಂದು ಕಾಲಕ್ಕೆ ರ್‍ಯಾಲಿಗಳಲ್ಲಿ ಓಡಿದ್ದು. ಕೊಂಡಾಗ ಅದರ ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಒಂಬತ್ತು ವರ್ಷ, ಪ್ರತಿ ಭಾನುವಾರ ಕೂತು ಅದನ್ನು ಎಬ್ಬಿಸಿದ್ದ. ಈ ಭಾನುವಾರ ಬೆಟ್ಟದ ದಾರಿಯಲ್ಲಿ, ಎದ್ದ ಮೇಲೆ ಅದರ ಮೊದಲ ರ್‍ಯಾಲಿ. ಗುರುವಾರ ಮಧ್ಯಾಹ್ನ ಅವನು ಅಂಗಡಿಯಲ್ಲಿದ್ದಾಗ ಕಳವಾಗಿತ್ತು. ೧೦.೦೫ಕ್ಕೆ ಎಫ್‌ಐಆರ್ ದಾಖಲಾಯಿತು.

೧೦.೪೦ಕ್ಕೆ ಪಕ್ಕದ ಮನೆಯ ಇಬ್ಬರನ್ನು ಪಂಚರಾಗಿ ಕರೆದು, ಮಾಲೀಕನ ಮನೆಯ ಕಾರು ಶೆಡ್ಡಿನಲ್ಲಿ ಸ್ಥಳ ಪಂಚನಾಮೆ ಶುರುವಾಯಿತು. ಬಾಗಿಲಿಗೆ ಅಂಕಿ ತಿರುಗಿಸುವ ಬೀಗ. ಒಡೆದಿಲ್ಲ. ಗೋಡೆಯ ಮೇಲೆ ಒಂದೊಂದು ಸ್ಪ್ಯಾನರಿಗೂ ಅದರ ಆಕಾರದ ಗೆರೆ ಎಳೆದಿತ್ತು. ಯಾವ ಗೆರೆಯೂ ಖಾಲಿ ಇರಲಿಲ್ಲ.

ಇನ್ಸ್‌ಪೆಕ್ಟರ್ ಎಂಜಿನ್ನಿನ ಮೇಲೆ ಬಾಗಿದರು. ಕಾರ್ಬುರೇಟರ್ ಇದ್ದ ಜಾಗದಲ್ಲಿ ಎಂಟು ತಿರುಪು ಕಡ್ಡಿಗಳು ಹೊರಚಾಚಿದ್ದವು. ಒಂದೊಂದಕ್ಕೂ ಅದರದರ ನಟ್ಟನ್ನು ಕೈಯಿಂದ ತಿರುಗಿಸಿ ಇಡಲಾಗಿತ್ತು. ನಾಲ್ಕು ರಂಧ್ರಗಳಿಗೂ ಒಗೆದ ಬಟ್ಟೆ ತುರುಕಿತ್ತು. ಬಣ್ಣ ತರಚದಂತೆ ಮಡ್‌ಗಾರ್ಡಿನ ಮೇಲೆ ಕಂಬಳಿ ಹಾಸಿತ್ತು.

"ಇದೆಲ್ಲ ನೀವು ಮಾಡಿದ್ದಾ?"

"ಇಲ್ಲ ಮೇಡಂ, ನಾನೇನೂ ಮುಟ್ಟಿಲ್ಲ."

"ಮತ್ತೆ ಈ ನಟ್ಟು, ಬಟ್ಟೆ?"

"ಬಿಚ್ಚಿದ ಮೇಲೆ ಹಾಗೇ ತಾನೇ ಇಡೋದು?" ಅವನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು.

ಶೆಲ್ಫಿನಲ್ಲಿ ಎರಡು ಹೊಸ ಹೆಲ್ಮೆಟ್‌ಗಳಿದ್ದವು. ಬೆಂಚಿನ ಕೆಳಗೆ ಹಳೆಯದೊಂದು ಅಂಗಾತ ಬಿದ್ದಿತ್ತು, ಒಳಗೆ ತುಕ್ಕು ಹಿಡಿದ ನಟ್ಟುಬೋಲ್ಟು ತುಂಬಿಸಿಕೊಂಡು.

"ಎರಡನೇ ಹೆಲ್ಮೆಟ್ ಯಾರದ್ದು?"

"ಪಕ್ಕದಲ್ಲಿ ಕೂತು ದಾರಿ ಓದಿ ಹೇಳೋರದ್ದು. ಹಲ್ಲಿನ ಡಾಕ್ಟರು. ಮೂರು ವಾರದಿಂದ."

"ಅದಕ್ಕೆ ಮುಂಚೆ?"

ಅವನು ಕಾರಿನ ಕಡೆ ತಿರುಗಿದ. "ಭಾವ. ನನ್ನ ಹೆಂಡತಿಯ ಅಣ್ಣ, ಲೇತ್ ವರ್ಕ್‌ಶಾಪ್ ಇಟ್ಕೊಂಡಿದ್ದಾನೆ. ಕಣ್ಣು ಮಂದ ಆಗಿದೆ ಅಂತ..."

"ಅವರು ಹೇಳಿದ್ರಾ?"

"ಇಲ್ಲ. ನಾವೇ ಅಂದ್ಕೊಂಡ್ವಿ. ಇನ್ಮುಂದೆ ಪಕ್ಕದಲ್ಲಿ ಡಾಕ್ಟರು ಕೂರ್ತಾರೆ ಅಂತ ರ್‍ಯಾಲಿ ಗುಂಪಿನ ಮೆಸೇಜಲ್ಲಿ ಹಾಕಿದ್ವಿ."

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಒಳಗೆ ಹೋದಳು.

೧೨.೧೫ಕ್ಕೆ ಕಡ್ಡಿ ಬೀದಿ ತುದಿಯ ಗ್ಯಾರೇಜಿನಿಂದ ಮೆಕ್ಯಾನಿಕ್ಕನನ್ನು ಕರೆತಂದ. ಅವನು ಎಂಜಿನ್ ನೋಡಿ ನಕ್ಕುಬಿಟ್ಟ.

"ಕಳ್ಳ ನಟ್ಟು ಹಾಕಿಟ್ಟು ಹೋಗ್ತಾನಾ ಮೇಡಂ? ದಿನಾ ಇದೇ ಕೆಲಸ ಮಾಡೋ ನಾನೇ ಹಾಕಲ್ಲ! ಇನ್ನು ಈ ಒಳಗಿನ ಕೆಳಗಿನ ನಟ್ಟು ನೋಡಿ. ಮಾಮೂಲಿ ಸ್ಪ್ಯಾನರ್ ಅಲ್ಲಿಗೆ ಹೋಗೋದೇ ಇಲ್ಲ." ಗೋಡೆಯಿಂದ ಒಂದು ಸ್ಪ್ಯಾನರ್ ತೆಗೆದ. ಅದನ್ನು ಕಾಯಿಸಿ ಕೊಕ್ಕೆಯಂತೆ ಬಗ್ಗಿಸಲಾಗಿತ್ತು. "ಇದೇ ಬೇಕು. ಬಳಸಿ, ಒರೆಸಿ, ವಾಪಸ್ ನೇತುಹಾಕಿದ್ದಾನೆ ಪುಣ್ಯಾತ್ಮ."

"ಇದನ್ನ ಬಗ್ಗಿಸಿದ್ದು ಯಾರು?"

"ಭಾವ," ಎಂದ ಮಾಲೀಕ. ಆಮೇಲೆ, "ಬಗ್ಗಿಸಿ ಏಳು ವರ್ಷ ಆಯ್ತು."

೧.೧೦ಕ್ಕೆ ದಂತವೈದ್ಯರ ವಿಚಾರಣೆ. ಗುರುವಾರ ಮಧ್ಯಾಹ್ನ ಎಲ್ಲಿದ್ದಿರಿ ಎಂದಾಗ ಅವರು ನೋಂದಣಿ ಪುಸ್ತಕ ತೋರಿಸಿದರು. "ಸಂಜೆವರೆಗೆ ಐದು ಜನ. ಬಾಯಿ ತೆಗೆದು ಕೂತವರೇ ಸಾಕ್ಷಿ."

"ಗೋಡೆ ಮೇಲಿರೋ ಬಗ್ಗಿದ ಸ್ಪ್ಯಾನರ್ ಯಾತಕ್ಕೆ ಗೊತ್ತಾ?"

"ಬಗ್ಗಿದೆಯಾ? ಮತ್ತೆ ಯಾಕೆ ಬಿಸಾಡಿಲ್ಲ?"

ಕಡ್ಡಿ ಪುಸ್ತಕ ಮುಚ್ಚಿದ. ವೈದ್ಯರು ಬಾಗಿಲವರೆಗೆ ಬಂದರು. "ಕಳುವಾದದ್ದು ಗೊತ್ತಾದಾಗ ಕಾರಿನ ಮಾಲೀಕರು ಮೊದಲು ಭಾವನಿಗೆ ಫೋನ್ ಮಾಡ್ತೀನಿ ಅಂತಿದ್ರು. ನಾನೇ ಬೇಡ ಅಂದೆ. ನೀವು ಪೊಲೀಸಿಗೆ ಕೊಡಿ, ಬೇರೆ ಜೋಡಿ ನಾನು ತರಿಸ್ತೀನಿ ಅಂದೆ."

ಶನಿವಾರ ೧೦.೩೦. ಲೇತ್ ವರ್ಕ್‌ಶಾಪಿನ ನೆಲದಲ್ಲಿ ಕಬ್ಬಿಣದ ಸುರುಳಿಗಳನ್ನು ಗುಡಿಸಿ ಒಂದು ಬದಿಗೆ ಮಾಡಲಾಗಿತ್ತು. ದಾರ ಕಟ್ಟಿದ ಕನ್ನಡಕದ ಮನುಷ್ಯ ಸ್ಟೂಲಿನಿಂದ ಎದ್ದ. ಬೆಂಚಿನ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಜೋಡಿ ಕಾರ್ಬುರೇಟರ್, ಉಜ್ಜಿ ಹೊಳಪಿಟ್ಟದ್ದು. ಪಕ್ಕದಲ್ಲಿ ಅವನ ಮೊಬೈಲು.

"ನೀವು ತಂದದ್ದಾ?"

"ಹೌದು."

"ಯಾಕೆ?"

ಅವನು ಕನ್ನಡಕ ತೆಗೆದು ಒರೆಸಿದ. ಇನ್ಸ್‌ಪೆಕ್ಟರ್ ಕಾದರು.

"ಪಕ್ಕದಲ್ಲಿ ಕೂರೋದಿಲ್ಲದಿದ್ರೂ ಕೈಗೆ ಕೆಲಸ ಇದೆಯಲ್ಲ, ಕೊನೇ ಸಲ ಟ್ಯೂನ್ ನೋಡೋಣ ಅಂತ ಹೋದೆ. ಬೆಂಚಿನ ಕೆಳಗೆ ನನ್ನ ಹೆಲ್ಮೆಟ್ಟು. ಅದರೊಳಗೆ ತುಕ್ಕು ನಟ್ಟು. ಶೆಲ್ಫ್ ಮೇಲೆ ಆ ಹಲ್ಲು ಕೀಳೋನದ್ದು, ಅಂಗಡಿ ಚೀಟಿನೂ ಕಿತ್ತಿಲ್ಲ."

"ಕಾರು ಓಡಬಾರದು ಅಂತಲಾ?"

"ಛೇ! ಓಡಬೇಕು. ಅವನ ಪಕ್ಕ ಆ ಡಾಕ್ಟರು ಕೂತು ಓಡಬಾರದು." ಬೆರಳಿನಿಂದ ಬಟ್ಟೆಯ ಸುಕ್ಕು ತೀಡಿದ. "ಒಂಬತ್ತು ವರ್ಷ ಮೇಡಂ. ಒಂದು ವಾಷರ್ ಕಳೆದ್ರೂ ಮೊದಲು ನನಗೇ ಫೋನ್ ಮಾಡ್ತಿದ್ದ. ಈ ಸಲವೂ ಮಾಡ್ತಾನೆ, ಇಕೋ ಅಂತ ತಗೊಂಡು ಹೋಗ್ತೀನಿ ಅಂದ್ಕೊಂಡೆ. ಈ ಸಲ ನಿಮಗೆ ಮಾಡಿದ."

ಪಂಚರ ಎದುರು ಜಪ್ತಿ ಪಂಚನಾಮೆ ಬರೆಯಲಾಯಿತು: ಕಾರ್ಬುರೇಟರ್ ಎರಡು, ಅವುಗಳ ಅಡಿಗೆ ಹಾಕಲು ಕೈಯಲ್ಲೇ ಕತ್ತರಿಸಿದ ಹೊಸ ಗ್ಯಾಸ್ಕೆಟ್ ನಾಲ್ಕು. ೧೧.೧೦ಕ್ಕೆ ಬಂಧನದ ಕಾಗದಕ್ಕೆ ಅವನು ಸಹಿ ಹಾಕಿದ. ಪೆನ್ನು ಕೆಳಗಿಡುವಷ್ಟರಲ್ಲಿ ಮೊಬೈಲು ಜೋರಾಗಿ ಬಡಿದುಕೊಂಡಿತು. ಪರದೆಯ ಮೇಲೆ ಹಸಿರು ಕಾರಿನ ಚಿತ್ರ.

ಅವನು ಇನ್ಸ್‌ಪೆಕ್ಟರ್ ಮುಖ ನೋಡಿದ. ಅವರು, "ಸ್ಪೀಕರ್ ಹಾಕಿ," ಎಂದರು.

"ಭಾವ? ಡಾಕ್ಟರು ಕೈಯೆತ್ತಿಬಿಟ್ರು. ಎಲ್ಲೂ ಸಿಗ್ತಿಲ್ಲ. ಪೊಲೀಸಿನೋರು ನಿನ್ನ ಬಗ್ಗೆ ಏನೇನೋ ಕೇಳಿದ್ರು, ನಾನು ತಲೆಗೆ ಹಚ್ಕೊಂಡಿಲ್ಲ. ನಾಳೆ ಎಂಟಕ್ಕೆ ಹೊರಡಬೇಕು. ನೀನೇ ಏನಾದ್ರೂ ಮಾಡು."

"ರೆಡಿ ಇದೆ ಕಣೋ," ಎಂದ ಭಾವ. "ಗುರುವಾರ ಸಾಯಂಕಾಲದಿಂದ ರೆಡಿ ಇದೆ."

ಆ ಕಡೆಯವನು ಫೋನು ಇಡಲಿಲ್ಲ.

ಜಪ್ತಿಯಾದ ಮಾಲು ಸೋಮವಾರ ನ್ಯಾಯಾಲಯ ತೆರೆಯುವವರೆಗೆ ಠಾಣೆ ಬಿಡುವಂತಿರಲಿಲ್ಲ. ಕೇಸ್ ಡೈರಿಯಲ್ಲಿ ಉದ್ದೇಶ ಎಂಬಲ್ಲಿ ಇನ್ಸ್‌ಪೆಕ್ಟರ್ 'ಹೊಟ್ಟೆಕಿಚ್ಚು' ಎಂದು ಬರೆದರು. ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಬೇರೆ ಪದಕ್ಕೆ ಆ ಸಾಲಿನಲ್ಲಿ ಜಾಗವಿರಲಿಲ್ಲ.

ಕಡ್ಡಿ ಮುದ್ರೆ ಹಾಕಲು ಅರಗು ಕಾಯಿಸಿದ.

"ಒಂದ್ನಿಮಿಷ," ಎಂದ ಆರೋಪಿ. ಜೇಬಿನಿಂದ ಒಗೆದ ಬಟ್ಟೆಯ ನಾಲ್ಕು ತುಂಡು ತೆಗೆದು ಮುಂದೆ ಚಾಚಿದ. "ಅವುಗಳ ಬಾಯಿಗೆ ತುರುಕಿಬಿಡಿ. ಒಳಗೆ ಧೂಳು ಹೋಗಬಾರದು."