ಬೆಲ್ಟ್ ಬೇಡ ಅಂದವಳು

"ಅಮ್ಮಾ...!"

ಅವಳ ಮೊಣಕೈ ನೇರವಾಗಿ ಅವನ ಮೂಗಿಗೆ ಬಡಿದಿತ್ತು.

ಜಿಮ್‌ನ ಹೊಸ ಕೋಚ್ ತತ್ತರಿಸಿ ಗೋಡೆಯ ಕನ್ನಡಿಗೆ ಒರಗಿದ. ಬೆರಳ ಸಂದಿಯಿಂದ ರಕ್ತ ತೊಟ್ಟಿಕ್ಕಿತು. ಕೈಯಲ್ಲಿದ್ದ ಅಗಲವಾದ ಚರ್ಮದ ಬೆಲ್ಟ್ ನೆಲಕ್ಕೆ ಬಿತ್ತು.

"ಏನ್ರೀ ಇದು! ಬೆಲ್ಟ್ ಹಾಕ್ಕೊಳ್ಳಿ ಅಂದ್ರೆ ಮೂಗು ಒಡೀತೀರಾ?"

"ಹೇಳ್ದೆ ಕೇಳ್ದೆ ಹಿಂದಿನಿಂದ ಬಂದು ಸೊಂಟಕ್ಕೆ ಸುತ್ತೋಕೆ ನೀವ್ಯಾರು?"

"ನೂರು ಕೆಜಿ ಇದೆ ಆ ಕಂಬೀಲಿ! ಬೆನ್ನು ಹೋದ್ರೆ ಗೊತ್ತಾಗುತ್ತೆ!"

ಅವಳು ಬಗ್ಗಿ ಕಂಬಿ ಹಿಡಿದು, ಹಲ್ಲು ಕಚ್ಚಿ ಎತ್ತಿ, ಧಡಾರನೆ ಬಿಟ್ಟು ಹೊರಟೇಹೋದಳು.

ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಬೇಕರಿಯಲ್ಲಿ ಐವತ್ತು ಕೆಜಿಯ ಮೈದಾ ಮೂಟೆ ಹೊರುವವಳು ಅವಳು. ಜಿಮ್‌ನಲ್ಲಿ ಎಲ್ಲರ ಬಾಯಲ್ಲೂ ಅವಳ ಹೆಸರು 'ಬೇಕರಿ'. ಭಾರ ಎತ್ತುವ ಹೊತ್ತಿನಲ್ಲಿ ಮಾತ್ರ ಅವಳ ಎದೆ ಹಗುರಾಗುತ್ತಿತ್ತು.

ಮರುದಿನ ಗೋಡೆಯ ಮೇಲೆ ಚೀಟಿ: ಬೆಲ್ಟ್ ಇಲ್ಲದೆ ಎಂಬತ್ತು ಕೆಜಿ ದಾಟುವಂತಿಲ್ಲ!

'ಇವನೂ ಅಷ್ಟೇ... ಗಂಡಸರೆಲ್ಲ ಒಂದೇ ಅಚ್ಚಿನ ಬ್ರೆಡ್ಡು!' ಪರ್ರನೆ ಹರಿದು ಬಿಸಾಕಿದಳು.

'ಎಷ್ಟು ಕೊಬ್ಬು ಇವಳಿಗೆ!' ಅಂದುಕೊಂಡ ಅವನು. ಆದರೂ ಅವಳು ಕಂಬಿ ಹಿಡಿದಾಗಲೆಲ್ಲ ಅವನ ಕಣ್ಣು ಅತ್ತಲೇ ಹೋಗುತ್ತಿತ್ತು. ಊದಿದ ಅವನ ಮೂಗು ಕಂಡಾಗ ಅವಳೂ ಕಣ್ಣು ತಗ್ಗಿಸುತ್ತಿದ್ದಳು.

ಹೀಗೇ ಒಂದು ವಾರ. ಆಮೇಲೆ ಒಂದು ಸಂಜೆ ಬಾಗಿಲು ಒದ್ದ ಸದ್ದು.

"ಎಲ್ಲಿದ್ದೀಯೇ? ಗಂಡಸರ ಮಧ್ಯೆ ಮೈ ಬಗ್ಗಿಸ್ತಿದ್ದೀಯಾ? ಮನೆ ಮಾನ ಹರಾಜು ಹಾಕೋಕೆ ಹುಟ್ಟಿದ್ದೀಯಾ?"

ಅವಳ ಅಣ್ಣ. ತಾಯಿ ಸತ್ತ ಮೇಲೆ ಅವಳನ್ನು ಸಾಕಿದವನು. ಸಾಕಿದ ಋಣವನ್ನು ಅವಳ ಬೆನ್ನ ಮೇಲೆ ಬಾಸುಂಡೆಯಲ್ಲಿ ಬರೆದವನು.

ಮೊಳೆಗೆ ನೇತುಹಾಕಿದ್ದ ಚರ್ಮದ ಬೆಲ್ಟನ್ನೇ ಕಿತ್ತುಕೊಂಡು ಬೀಸಿದ. ಚಟೀರ್! ಅವಳ ಹೆಗಲಿಗೆ ಬಿತ್ತು. ಮತ್ತೊಂದು... ಮಗದೊಂದು...

ನೂರು ಕೆಜಿ ಎತ್ತುವ ಹೆಣ್ಣು ಮೂಲೆಯಲ್ಲಿ ಮುದುಡಿ, ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು, "ಬೇಡಣ್ಣ... ತಪ್ಪಾಯ್ತಣ್ಣ..." ಅನ್ನುತ್ತಿದ್ದಳು.

ಕೋಚ್‌ಗೆ ಆಗ ಅರ್ಥವಾಯಿತು. ಬೆಲ್ಟ್ ಎಂದರೆ ಅವಳಿಗೆ ಏನು ಎಂದು!

ಓಡಿಬಂದು ನಡುವೆ ನಿಂತ. ಕಬ್ಬಿಣದ ಬಕಲ್ ಅವನ ಹುಬ್ಬು ಸೀಳಿತು. ಅಣ್ಣ ಒದ್ದ ರಭಸಕ್ಕೆ ಕೋಚ್ ಡಂಬೆಲ್‌ಗಳ ಸಾಲಿನ ಮೇಲೆ ಬಿದ್ದ. ಕೈಮೂಳೆ ಲಟಕ್ಕನೆ ಮುರಿದದ್ದು ಎಲ್ಲರಿಗೂ ಕೇಳಿಸಿತು. ಆದರೂ ತೆವಳಿ ಬಂದು ಮತ್ತೆ ಅಡ್ಡ ನಿಂತ.

ಅಣ್ಣ ಮತ್ತೆ ಕೈಯೆತ್ತಿದ. ಈ ಸಲ ಬೆಲ್ಟ್ ಕೆಳಗಿಳಿಯಲಿಲ್ಲ. ಗಾಳಿಯಲ್ಲೇ ಅವಳ ಮುಷ್ಟಿಗೆ ಸಿಕ್ಕಿತ್ತು!

ಒಂದೇ ಎಳೆತ. ಮುಗ್ಗರಿಸಿದ ಅಣ್ಣನ ದವಡೆಗೆ ಒಂದೇ ಗುದ್ದು. ರಕ್ತದ ಜೊತೆ ಹಲ್ಲೊಂದು ನೆಲಕ್ಕೆ ಬಿತ್ತು.

"ನನ್ನನ್ನ ಹೊಡೆದೆ, ಸಹಿಸ್ಕೊಂಡೆ. ಇವರ ಮೇಲೆ ಕೈ ಮಾಡಿದ್ಯಲ್ಲ... ಇನ್ನು ನೀನು ನನ್ನ ಅಣ್ಣ ಅಲ್ಲ!"

ಪೊಲೀಸರು ಬಂದಾಗ ದೂರಿಗೆ ತಾನೇ ಸಹಿ ಹಾಕಿದಳು. ಆಮೇಲೆ ಮನೆಗೆ ಹೋಗಲಿಲ್ಲ. ಬೇಕರಿಯ ಒಡತಿ ತನ್ನ ಮನೆಯಲ್ಲೇ ಒಂದು ಕೋಣೆ ಬಿಟ್ಟುಕೊಟ್ಟಳು.

ಅವಳು ಆಸ್ಪತ್ರೆಗೆ ಹೋದಾಗ ಅವನ ಕೈಗೆ ಪಟ್ಟಿ ಬಿದ್ದಿತ್ತು.

"ಕ್ಷಮಿಸಿ. ನನಗೆ ಗೊತ್ತಿರ್ಲಿಲ್ಲ," ಅಂದ. "ನಾನೂ ಒಮ್ಮೆ ಬೆಲ್ಟ್ ಇಲ್ದೆ ಎತ್ತೋಕೆ ಹೋಗಿ ಬೆನ್ನಿನ ಡಿಸ್ಕ್ ಜಾರಿಸ್ಕೊಂಡಿದ್ದೆ. ನಾಲ್ಕು ತಿಂಗಳು ನನ್ನ ಕಾಲಿಗೆ ಅಮ್ಮನೇ ಸಾಕ್ಸ್ ಹಾಕಿದ್ರು. ಅಲ್ಲಿಂದ ಬೆಲ್ಟ್ ಇಲ್ದೋರನ್ನ ಕಂಡ್ರೆ ಭಯ ನನಗೆ."

"ಬೆಲ್ಟ್ ಇದ್ರೆ ಬೆನ್ನಿಗೆ ಏನೂ ಆಗಲ್ವಾ?"

"ಹಾಗೇನಿಲ್ಲ. ಅದೇ ಬೆನ್ನು ಹಿಡಿಯಲ್ಲ. ಹೊಟ್ಟೆ ತುಂಬ ಉಸಿರು ಎಳ್ಕೊಂಡು ಒತ್ತೋಕೆ ಒಂದು ಆಸರೆ, ಅಷ್ಟೇ. ಮೊದಲು ಉಸಿರು ಹಿಡಿಯೋದು ಕಲೀಬೇಕು."

ಜಿಮ್‌ಗೆ ಮರಳಿ ಕಲಿಸಿದ. ಪಟ್ಟಿ ಕಟ್ಟಿದ ಕೈಯಲ್ಲೇ.

"ಹಿಡೀರಿ... ಯಾರೋ ಹೊಟ್ಟೆಗೆ ಗುದ್ದೋಕೆ ಬರ್ತಿದಾರೆ ಅನ್ಕೊಳ್ಳಿ!"

"ಅದು ನನಗೆ ಚೆನ್ನಾಗಿ ಗೊತ್ತು."

ಅವನು ನಾಲಗೆ ಕಚ್ಚಿಕೊಂಡ. ಅವಳೇ ಮೊದಲು ನಕ್ಕಳು.

ನೂರಿಪ್ಪತ್ತು ಕೆಜಿಯ ದಿನ ಅವಳು ಚೀಲದಿಂದ ಬಟ್ಟೆಯ ಬೆಲ್ಟೊಂದನ್ನು ತೆಗೆದಳು. ತಾನೇ ಕೊಂಡದ್ದು.

"ಹಾಕ್ಕೊಳ್ಲಾ?"

"ಇಷ್ಟು ಭಾರಕ್ಕೆ ಸಹಾಯ ಆಗುತ್ತೆ. ಇಲ್ದಿದ್ರೂ ನಿಮ್ಮ ಕೈಲಾಗುತ್ತೆ. ನಿಮ್ಮಿಷ್ಟ."

ಅವನು ಮುಟ್ಟಲಿಲ್ಲ. ಅವಳೇ ಸುತ್ತಿಕೊಂಡಳು. ಬಿಚ್ಚಿದಳು... ಮತ್ತೆ ಬಿಗಿದಳು. ಉಸಿರೆಳೆದು ಎತ್ತಿಯೇಬಿಟ್ಟಳು!

ಕಂಬಿ ಇಳಿಸಿದವಳ ಕಣ್ಣು ತುಂಬಿತ್ತು. ಅವನದ್ದೂ.

"ನಾನು... ನಿಮ್ಮನ್ನ ತುಂಬಾ ಇಷ್ಟಪಡ್ತೀನಿ. ನನ್ನ ಜೊತೆ ಬಾಳ್ತೀರಾ?" ಅಂದ ಅವನು.

"ಅಪ್ಪಣೆ ಮಾಡ್ತಿದ್ದೀರಾ, ಕೇಳ್ತಿದ್ದೀರಾ?"

"ಕೇಳ್ತಿದ್ದೀನಿ. ಬೇಡ ಅಂದ್ರೂ ನಾಳೆ ಪಾಠ ಇರುತ್ತೆ."

ಅವಳು ಬೆವರಿದ ಅಂಗೈಯನ್ನು ಅವನ ಅಂಗೈಯಲ್ಲಿಟ್ಟಳು.

"ಹಾಗಿದ್ರೆ ಈ 'ನೀವು' ಸಾಕು. 'ನೀನು' ಅನ್ನಿ."

"ನೀನು..." ಅಂದ ಅವನು, ಹೊಸ ಭಾಷೆ ಕಲಿತವನ ಹಾಗೆ.

"ಹೂಂ... ಹೇಳು."