ಕೆಂಪು ಕಾರಿನ ಮೋಟರ್

ಮೌನಿಕಾಳಿಗೆ ಬೆಸುಗೆ ಹಾಕುವುದನ್ನು ಕಲಿಸಿದ್ದೇ ಹೊನ್ನೂರಸ್ವಾಮಿ. ಈಗ ಆಕೆ ಸಿರುಗುಪ್ಪದಲ್ಲಿ ರಿಮೋಟ್ ಆಟದ ಕಾರು ಕಟ್ಟುವ ಸ್ವಂತ ಅಂಗಡಿ ಇಟ್ಟು, ಬಳ್ಳಾರಿಯ ಕೌಲ್‌ಬಜಾರಿನ ಅವನ ಗಿರಾಕಿಗಳನ್ನೇ ಸೆಳೆಯುತ್ತಿದ್ದಳು. ರಿಮೋಟ್ ಕಾರುಗಳ ಹುಚ್ಚಿನ ವ್ಯಾಪಾರಿ ವಿಜಯಕುಮಾರ ಕುರುಗೋಡಿನ ತನ್ನ ಹೊಲದಲ್ಲಿ ಟ್ರ್ಯಾಕ್ ಮಾಡಿಸಿದ್ದ. ಭಾನುವಾರದ ಓಟ ಗೆದ್ದವರಿಗೇ ಅಲ್ಲಿನ ಕಾರುಗಳನ್ನೆಲ್ಲ ಕಟ್ಟಿಕೊಡುವ ಕೆಲಸ. ಅದು ತಪ್ಪಿದರೆ ಹೊನ್ನೂರಸ್ವಾಮಿಯ ಅಂಗಡಿಗೆ ಬೀಗವೇ ಗತಿ.

"ಲೇ ಸ್ವಾಮಿ, ನಿನ್ನ ಕಾರು ಸುಡತಾವ, ಆಕಿ ಕಾರು ಓಡತಾವ," ಎಂದು ವಿಜಯಕುಮಾರ ನಾಲ್ಕು ಜನರೆದುರು ನಕ್ಕಿದ್ದು ಮುಳ್ಳಾಗಿ ಉಳಿದಿತ್ತು.

ಆಕೆಯದೇ ಸುಡಲಿ, ಎಂದುಕೊಂಡ.

ಶನಿವಾರ ಮೌನಿಕಾ ಟೈರು ಕೊಳ್ಳಲು ಬಳ್ಳಾರಿಗೆ ಬಂದವಳು ತನ್ನ ಕೆಂಪು ಕಾರನ್ನು ಅವನ ಮೇಜಿನ ಮೇಲಿಟ್ಟು ಪೇಟೆಗೆ ಹೋದಳು. ಅವನು ಶಟರ್ ಅರ್ಧಕ್ಕೆ ಎಳೆದ. ಅವಳ ಮೋಟರ್ ಬಿಚ್ಚಿ, ಅದೇ ಗಾತ್ರದ, ಅದೇ ಬಣ್ಣದ ಇನ್ನೊಂದನ್ನು ಕೂರಿಸಿದ. ಒಳಗಿನ ತಂತಿಯ ಸುತ್ತು ಮಾತ್ರ ಕಡಿಮೆ. ಸುತ್ತು ಕಡಿಮೆಯಾದಷ್ಟೂ ಮೋಟರ್ ವೇಗವಾಗಿ ತಿರುಗುತ್ತದೆ, ಕರೆಂಟನ್ನೂ ಹೆಚ್ಚು ಹೀರುತ್ತದೆ. ಕೇಳಿದಷ್ಟು ಕೊಡಲು ಬ್ಯಾಟರಿಗೆ ಶಕ್ತಿಯಿದೆ. ಅದನ್ನು ಮೋಟರಿಗೆ ಹಾಯಿಸುವ ನಡುವಿನ ಸ್ಪೀಡ್ ಕಂಟ್ರೋಲರಿಗೆ ತಾಳಿಕೊಳ್ಳುವ ಶಕ್ತಿಯಿಲ್ಲ. ಓಟದ ನಡುವೆ ಅದು ಹೊಗೆಯಾಡುತ್ತದೆ. ಮೋಟರಿಗೆ ತಕ್ಕ ಕಂಟ್ರೋಲರ್ ಹಾಕಲು ಬಾರದವಳು ಎಂದು ಜನ ಅವಳನ್ನೇ ಆಡಿಕೊಳ್ಳುತ್ತಾರೆ. ಆಮೇಲೆ ತಾನೇ ಕನಿಕರದಿಂದ ಕಾರನ್ನು ರಿಪೇರಿಗೆ ತಂದು ಅವಳ ಮೋಟರನ್ನೇ ಮತ್ತೆ ಕೂರಿಸಿದರೆ ಮುಗಿಯಿತು. ಸುತ್ತಿನ ಲೆಕ್ಕ ಬರೆದ ಹಳೆಯ ಮೋಟರಿನ ಚೀಟಿಯನ್ನು ಕಿತ್ತು ಹೊಸದಕ್ಕೆ ಅಂಟಿಸಿದ. ಬೆರಳ ಗುರುತನ್ನೂ ಒರೆಸಿದ.

ಮೌನಿಕಾ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬಂದಳು.

"ತಿನ್ನಣ್ಣಾ. ನಾಳಿ ನನ್ನ ಸೋಲಿಸಾಕ ಬಲ ಬೇಕಲ್ಲ?"

ಅವನು ಕೆಂಪು ಕಾರನ್ನು ಅವಳತ್ತ ಸರಿಸಿ, ಒಂದು ಮಿರ್ಚಿ ಎತ್ತಿಕೊಂಡ.

ಮರುದಿನ ಕುರುಗೋಡಿನಲ್ಲಿ ಅವನು ತನ್ನ ಕಾರನ್ನು ಓಡಿಸುತ್ತಲೇ ಹೊಗೆಗಾಗಿ ಕಾದ. ಪ್ರತಿ ತಿರುವಿನಲ್ಲೂ ಕಾದ. ಹೊಗೆ ಬರಲಿಲ್ಲ. ಕೆಂಪು ಕಾರು ಎಂದೂ ಓಡದಷ್ಟು ಜೋರಾಗಿ ಓಡಿ ಎಲ್ಲರಿಗಿಂತ ಮೊದಲು ಗೆರೆ ದಾಟಿತು.

"ಮೋಟರಿನ ಸುತ್ತಿಗೆ ಮಿತಿ ಐತಿ, ಅದಕ್ಕಿಂತ ಕಡಿಮಿ ಇರಬಾರ್ದು. ಯಾರದರ ತಕರಾರು ಐತೇನ್ರಿ?" ವಿಜಯಕುಮಾರ ಕೇಳಿದ. ಕೆಂಪು ಕಾರಿನ ಮೋಟರ್ ಮಿತಿ ಮೀರಿದ್ದು ಆ ಹೊಲದಲ್ಲಿ ಗೊತ್ತಿದ್ದದ್ದು ಹೊನ್ನೂರಸ್ವಾಮಿಯೊಬ್ಬನಿಗೇ; ಹೇಗೆ ಗೊತ್ತಾಯಿತೆಂದು ಮಾತ್ರ ಹೇಳುವಂತಿರಲಿಲ್ಲ. ಅವನು ಬಗ್ಗಿ ಆ ಕಂಟ್ರೋಲರ್ ಮುಟ್ಟಿ ನೋಡಿದ. ಉಗುರುಬೆಚ್ಚಗಿತ್ತು. "ಎರಿಮಣ್ಣು ಭಾಳ ಮೆತ್ತಗಿತ್ತಣ್ಣಾ," ಎಂದಳು ಮೌನಿಕಾ, "ಮೋಟರಿಗೆ ಭಾರ ಬಿದ್ದು ಕರೆಂಟ್ ಜಾಸ್ತಿ ಎಳೀಬಾರ್ದಂತ ಮುಂಜಾನಿ ಬಂದಕೂಡ್ಲೇ ಸಣ್ಣ ಗೇರ್ ಹಾಕಿದ್ದೆ. ಕಾರು ನಿಧಾನ ಆಗತೈತಿ ಅನ್ಕಂಡಿದ್ದೆ. ಅದ್ಹೆಂಗ ಇಷ್ಟು ಓಡ್ತು, ನೀನೇ ಹೇಳಬೇಕು."